ಒತ್ತಡ ಮೇಲಿನವರದು, ಸಹಿ ನಿಮ್ಮದು

ಈ ಬಾರಿ ಬಂದ ಪತ್ರಗಳಲ್ಲಿ ಐದು ಒಂದೇ ವೃತ್ತಿಯವರವು. ಬೇರೆಯವರ ಮನೆ, ಮಳಿಗೆ, ವಸತಿ ಸಮುಚ್ಚಯಗಳನ್ನು ಮಾಲೀಕರ ಪರವಾಗಿ ನೋಡಿಕೊಳ್ಳುವ ಕೆಲಸ ಅವರದು. ನಾನೂ ಬಹಳ ವರ್ಷ ಅದೇ ಕೆಲಸ ಮಾಡಿದವನಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇನೆ. ಬರೆದವರ ಗುರುತು ಸಿಗಬಹುದಾದ ವಿವರಗಳನ್ನು ಪತ್ರಗಳಿಂದ ತೆಗೆದಿದ್ದೇನೆ.

ಪ್ರಶ್ನೆ: ವಸತಿ ಕಟ್ಟಡಗಳ ನಿರ್ವಹಣಾ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳಿಂದ ಕೆಲಸದಲ್ಲಿದ್ದೇನೆ. ಬಾಡಿಗೆದಾರರು ಮನೆ ಖಾಲಿ ಮಾಡುವಾಗ ಮನೆಯನ್ನು ಪರಿಶೀಲಿಸಿ ವರದಿ ಬರೆಯುವುದು ನನ್ನ ಹೊಣೆ. ಠೇವಣಿಯಲ್ಲಿ ಏನನ್ನಾದರೂ ಮುರಿದುಕೊಳ್ಳದೆ ಯಾರನ್ನೂ ಕಳುಹಿಸಕೂಡದು ಎಂದು ಮೇಲಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದಾರೆ. ಕಳೆದ ತಿಂಗಳು, ಆರು ವರ್ಷ ಬಾಳಿದ ಕುಟುಂಬವೊಂದು ಮನೆಯನ್ನು ಗುಡಿಸಿ, ಒರೆಸಿ, ಚೊಕ್ಕಟ ಮಾಡಿ ಬೀಗದ ಕೈ ಒಪ್ಪಿಸಿತು. ಗೋಡೆಯ ಬಣ್ಣ ಮಾಸಿದ್ದನ್ನೇ ‘ಹಾನಿ’ ಎಂದು ನನ್ನಿಂದ ಬರೆಸಿ, ಇಡೀ ಮನೆಗೆ ಬಣ್ಣ ಹೊಡೆಸುವ ಖರ್ಚನ್ನು ಅವರ ಠೇವಣಿಯಿಂದ ಕಳೆದರು. ಆ ಮನೆಯ ಹಿರಿಯರು ನನ್ನನ್ನು ನೋಡಿದ ನೋಟವನ್ನು ಮರೆಯಲಾಗುತ್ತಿಲ್ಲ. ಒಲ್ಲೆನೆಂದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಏನು ಮಾಡಲಿ?

ಉತ್ತರ: ಕೆಲಸ ಹೋದೀತೆಂಬ ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಂಬಳದ ಮೇಲೆ ನಾಲ್ಕು ಜನರ ಊಟ ನಿಂತಿರುವಾಗ ‘ರಾಜೀನಾಮೆ ಎಸೆದು ಬನ್ನಿ’ ಎಂದು ದೂರದಲ್ಲಿ ಕುಳಿತವರು ಹೇಳುವುದು ಸುಲಭ. ಆ ಸಲಹೆಯನ್ನು ನಾನು ಕೊಡುವುದಿಲ್ಲ. ಆದರೆ ಕೆಲಸ ಬಿಡುವುದು ಮತ್ತು ಹೇಳಿದ್ದನ್ನೆಲ್ಲ ಬರೆದುಕೊಡುವುದು ಎಂಬ ಎರಡೇ ದಾರಿಗಳಿವೆ ಎಂದು ನೀವು ಭಾವಿಸಿದಂತಿದೆ. ಅವೆರಡರ ನಡುವೆ ಸಾಕಷ್ಟು ಜಾಗವಿದೆ, ಮತ್ತು ನಮ್ಮ ವೃತ್ತಿಯಲ್ಲಿ ಪ್ರಾಮಾಣಿಕವಾಗಿ ಉಳಿದವರಲ್ಲಿ ಹೆಚ್ಚಿನವರು ಆ ಜಾಗದಲ್ಲಿಯೇ ನಿಂತು ಉಳಿದವರು.

ಮೊದಲು ವಿಷಯವನ್ನೇ ಸ್ಪಷ್ಟ ಮಾಡಿಕೊಳ್ಳೋಣ. ಜನ ಬಾಳಿದ ಮನೆ ಸವೆಯುತ್ತದೆ. ಬಿಸಿಲು ಬೀಳುವ ಗೋಡೆಯ ಬಣ್ಣ ಮಾಸುತ್ತದೆ, ನಡೆದಾಡುವ ಜಾಗದ ನೆಲ ಹೊಳಪು ಕಳೆದುಕೊಳ್ಳುತ್ತದೆ, ನಲ್ಲಿಯ ವಾಷರ್ ಗಟ್ಟಿಯಾಗುತ್ತದೆ, ಬಾಗಿಲಿನ ಹಿಡಿ ಸಡಿಲವಾಗುತ್ತದೆ. ಇದು ಸಹಜ ಸವೆತ. ಇದರ ಬೆಲೆಯನ್ನು ಬಾಡಿಗೆದಾರರು ತಿಂಗಳು ತಿಂಗಳು ಬಾಡಿಗೆಯ ರೂಪದಲ್ಲಿ ಕೊಟ್ಟೇ ಇರುತ್ತಾರೆ. ಗೋಡೆಯಲ್ಲಿ ಮುಷ್ಟಿ ಗಾತ್ರದ ತೂತು, ಒಡೆದ ಗಾಜು, ಸುಟ್ಟ ಅಡುಗೆಕಟ್ಟೆ ಇವು ಹಾನಿ. ಹಾನಿಯಾದಾಗಲೂ ಹೊಸದರ ಪೂರ್ತಿ ಬೆಲೆಯನ್ನು ಕೇಳುವುದು ನ್ಯಾಯವಲ್ಲ. ಹತ್ತು ವರ್ಷ ಬಾಳುವ ವಸ್ತು ಎಂಟನೆಯ ವರ್ಷದ ಕೊನೆಯಲ್ಲಿ ಕೆಟ್ಟರೆ, ಹಾಳಾದದ್ದು ಉಳಿದ ಎರಡು ವರ್ಷದ ಬೆಲೆ ಮಾತ್ರ. ಆರು ವರ್ಷ ಹಳೆಯ ಬಣ್ಣದಲ್ಲಿ ಬೆಲೆ ಎಂಬುದು ಎಷ್ಟು ತಾನೇ ಉಳಿದಿರುತ್ತದೆ? ಹೇಗಿದ್ದರೂ ಮಾಲೀಕರು ಅದನ್ನು ಮತ್ತೆ ಹೊಡೆಸಬೇಕಾಗಿತ್ತು. ಆ ಖರ್ಚನ್ನು ಹೋಗುತ್ತಿರುವ ಕುಟುಂಬದ ತಲೆಗೆ ಕಟ್ಟಲು ಬೇಕಾದದ್ದು ಒಂದೇ ಪದ, ಮತ್ತು ಆ ಪದವನ್ನು ಬರೆಯಲು ಅವರಿಗೆ ನಿಮ್ಮ ಕೈ ಬೇಕಾಯಿತು.

ಠೇವಣಿ ಎಂಬುದು ಮಾಲೀಕರ ಹಣವೂ ಅಲ್ಲ, ಸಂಸ್ಥೆಯ ಹಣವೂ ಅಲ್ಲ. ಕಡಿತಕ್ಕೆ ಕಾರಣವಿದೆ ಎಂದು ತೋರಿಸುವವರೆಗೆ ಅದು ಬಾಡಿಗೆದಾರರದೇ ಹಣ. ನೀವು ಅದನ್ನು ಕಾಯುವವರು ಮಾತ್ರ. ಅನೇಕ ದೇಶಗಳಲ್ಲಿ ಅದನ್ನು ಸಂಸ್ಥೆಯ ಸ್ವಂತ ಹಣದೊಂದಿಗೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ವ್ಯಾಜ್ಯವಾದಾಗ ಹಣ ಹಿಡಿದುಕೊಂಡವರೇ ತಮ್ಮ ಹಕ್ಕನ್ನು ರುಜುವಾತುಪಡಿಸಬೇಕಾಗುವುದೂ ಸಾಮಾನ್ಯ. ಆಗ ಮೇಜಿನ ಮೇಲೆ ಬರುವುದು ನಿಮ್ಮ ವರದಿ. ಮೇಲಧಿಕಾರಿಯ ಬಾಯಿಮಾತು ಅಲ್ಲಿಗೆ ಬರುವುದಿಲ್ಲ.

ಇನ್ನು ಮುಂದಿನ ವರದಿಯಿಂದ ನೀವು ಮಾಡಬಹುದಾದದ್ದನ್ನು ಹೇಳುತ್ತೇನೆ. ಕಂಡದ್ದನ್ನು ಕಂಡಂತೆ ಬರೆಯಿರಿ; ತೀರ್ಪನ್ನು ಬರೆಯಬೇಡಿ. ‘ಹಾನಿ’ ಎಂಬುದು ತೀರ್ಪು. ‘ಪೂರ್ವದ ಗೋಡೆಯ ಬಣ್ಣ ಕಿಟಕಿಯ ಸುತ್ತ ಮಾಸಿದೆ, ಬಿರುಕು ಅಥವಾ ತೂತು ಇಲ್ಲ, ಕೊನೆಯ ಸಲ ಬಣ್ಣ ಹೊಡೆದು ಆರು ವರ್ಷವಾಗಿದೆ’ ಎಂಬುದು ಕಂಡದ್ದು. ಬಾಡಿಗೆದಾರರು ಬರುವಾಗಲೂ ಹೋಗುವಾಗಲೂ ಒಂದೇ ಕೋನದಿಂದ, ದಿನಾಂಕ ಮೂಡುವಂತೆ ಫೋಟೊ ತೆಗೆಯಿರಿ, ಸಾಧ್ಯವಾದರೆ ಅವರ ಎದುರಿನಲ್ಲಿಯೇ. ವರದಿಯ ಒಂದು ಪ್ರತಿಯನ್ನು ಅದೇ ದಿನ ಅವರಿಗೆ ಕೊಡುವುದನ್ನು ರೂಢಿ ಮಾಡಿಕೊಳ್ಳಿ. ಒಮ್ಮೆ ಅವರ ಕೈಗೆ ಹೋದ ವರದಿಯನ್ನು ಆಮೇಲೆ ತಿದ್ದಿಸುವುದು ಯಾರಿಗೂ ಸುಲಭವಲ್ಲ. ಕಡಿತ ಮಾಡಲೇಬೇಕೆಂದು ಮೇಲಧಿಕಾರಿ ತೀರ್ಮಾನಿಸಿದರೆ ಅದನ್ನು ಅವರೇ, ಅವರ ಹೆಸರಿನಲ್ಲಿ, ಕಾರಣ ಬರೆದು ಮಾಡಲಿ.

ಬಾಯಿಮಾತಿನ ಆದೇಶ ಬಂದ ದಿನವೇ ಅದನ್ನು ಬರಹಕ್ಕೆ ತನ್ನಿ. ಜಗಳದ ಧಾಟಿ ಬೇಡ. ‘ಇಂದು ಬೆಳಿಗ್ಗೆ ತಾವು ಹೇಳಿದ್ದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಗೋಡೆಯಲ್ಲಿ ಹಾನಿ ಇಲ್ಲದಿದ್ದರೂ ಹಾನಿ ಎಂದು ನಮೂದಿಸಬೇಕು. ನನ್ನ ತಿಳಿವಳಿಕೆ ತಪ್ಪಿದ್ದರೆ ದಯವಿಟ್ಟು ತಿಳಿಸಿ’ ಎಂದು ಎರಡು ಸಾಲಿನ ಇ-ಮೇಲ್ ಕಳುಹಿಸಿ. ನನ್ನ ಅನುಭವದಲ್ಲಿ ಇಂಥ ಆದೇಶಗಳಲ್ಲಿ ಬಹುಪಾಲು ಈ ಇ-ಮೇಲ್ ತಲುಪಿದ ಮೇಲೆ ಬದುಕಿ ಉಳಿಯುವುದಿಲ್ಲ, ಏಕೆಂದರೆ ಅವು ಬದುಕಿದ್ದೇ ಯಾರೂ ಬರೆದಿಡುವುದಿಲ್ಲ ಎಂಬ ನಂಬಿಕೆಯ ಮೇಲೆ. ಆದೇಶ ಉಳಿದರೆ ಸಂಸ್ಥೆಯಲ್ಲಿ ಅವರಿಗಿಂತ ಮೇಲಿನವರ ಬಳಿಗೆ ಹೋಗಲು ನಿಮ್ಮ ಕೈಯಲ್ಲಿ ಕಾಗದವೊಂದು ಇರುತ್ತದೆ. ನಿಮ್ಮದೇ ಒಂದು ದಿನಚರಿ ಇಟ್ಟು, ಯಾವ ದಿನ ಯಾರು ಏನು ಹೇಳಿದರು, ನೀವು ಏನು ಉತ್ತರಿಸಿದಿರಿ ಎಂಬುದನ್ನು ಆ ದಿನವೇ ಬರೆಯಿರಿ. ಸಂಸ್ಥೆಯ ಕಡತಗಳನ್ನು ಮಾತ್ರ ಗುಟ್ಟಾಗಿ ಮನೆಗೆ ಒಯ್ಯಬೇಡಿ. ಅದು ನಿಮ್ಮನ್ನೇ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸೀತು.

ಇಷ್ಟಾದ ಮೇಲೂ ಒತ್ತಡ ನಿಲ್ಲದಿದ್ದರೆ ಆ ಸಂಸ್ಥೆ ನಿಮ್ಮಂಥವರಿಗೆ ತಕ್ಕ ಜಾಗವಲ್ಲ. ಇಂದಿನಿಂದಲೇ, ಸಂಬಳ ಬರುತ್ತಿರುವಾಗಲೇ, ಬೇರೆ ಕಡೆ ಹುಡುಕಲು ಶುರುಮಾಡಿ. ಪ್ರಾಮಾಣಿಕವಾಗಿ ವರದಿ ಬರೆಯುವವರನ್ನು ಬಯಸುವ ಮಾಲೀಕರು ಇದ್ದಾರೆ; ತಾವು ಕಾಣದ ಕಟ್ಟಡವನ್ನು ನಂಬಿಕೆಯ ಮೇಲೆ ಬಿಟ್ಟಿರುವವರಿಗೆ ಅಂಥವರ ಬೆಲೆ ಚೆನ್ನಾಗಿ ಗೊತ್ತು.

ಆ ಕುಟುಂಬದ ವಿಷಯ ಉಳಿಯಿತು. ನಿಮ್ಮ ಮೊದಲ ವರದಿ ತಪ್ಪಾಗಿದೆ, ಅದು ಸಹಜ ಸವೆತ, ತಿದ್ದುಪಡಿಗೆ ಅನುಮತಿ ಬೇಕು ಎಂದು ಬರಹದಲ್ಲಿ ಕೇಳಿ. ಒಪ್ಪದೇ ಹೋಗಬಹುದು. ಆದರೆ ಅವರು ದೂರು ಕೊಟ್ಟು ನಿಮ್ಮನ್ನು ಯಾರಾದರೂ ಕೇಳುವ ದಿನ ಬಂದರೆ, ನೀವು ನಿಜ ಹೇಳಲು ಮೊದಲೇ ಯತ್ನಿಸಿದ್ದಿರಿ ಎಂಬುದಕ್ಕೆ ಸಾಕ್ಷಿ ಇರುತ್ತದೆ, ಮತ್ತು ಆ ಹಿರಿಯರ ಹಣ ಮರಳುವ ದಾರಿಯೂ ತೆರೆದಿರುತ್ತದೆ.

ಪ್ರಶ್ನೆ: ಬಹುಮಹಡಿ ಕಟ್ಟಡವೊಂದರ ಉಸ್ತುವಾರಿ ನನ್ನದು. ಬೆಂಕಿ ಎಚ್ಚರಿಕೆ ಗಂಟೆ, ತುರ್ತು ದೀಪ, ಅಗ್ನಿಶಾಮಕ ಸಿಲಿಂಡರುಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಆಳುಗಳ ಕೊರತೆಯಿಂದ ಎಂಟು ತಿಂಗಳು ಆ ಪುಟಗಳು ಖಾಲಿ ಉಳಿದಿವೆ. ಮುಂದಿನ ವಾರ ತಪಾಸಣೆ ಇದೆ. ಬೇರೆ ಬೇರೆ ಪೆನ್ನುಗಳಲ್ಲಿ ಹಿಂದಿನ ದಿನಾಂಕ ಹಾಕಿ ತುಂಬಿಬಿಡು, ಯಾರಿಗೂ ಏನೂ ಆಗಿಲ್ಲವಲ್ಲ ಎನ್ನುತ್ತಾರೆ. ಇದು ಬರೀ ಕಾಗದದ ಕೆಲಸವೇ?

ಉತ್ತರ: ಅಲ್ಲ. ಠೇವಣಿಯ ವಿಷಯದಲ್ಲಿ ಮಾತುಕತೆಗೆ ಜಾಗವಿದೆ ಎಂದೆ, ಇಲ್ಲಿ ಇಲ್ಲ. ಆ ರಿಜಿಸ್ಟರನ್ನು ತುಂಬಬೇಡಿ.

ಖಾಲಿ ಪುಟವೂ ಒಂದು ಮಾಹಿತಿ ಎಂಬುದನ್ನು ಗಮನಿಸಿ. ‘ಎಂಟು ತಿಂಗಳಿಂದ ಇದನ್ನು ಯಾರೂ ನೋಡಿಲ್ಲ’ ಎಂದು ಅದು ಹೇಳುತ್ತದೆ, ಮತ್ತು ಅದನ್ನು ಓದಿದವರು ತಕ್ಷಣ ಹೋಗಿ ನೋಡುತ್ತಾರೆ. ತುಂಬಿದ ಸುಳ್ಳು ಪುಟ ಆ ಎಚ್ಚರಿಕೆಯನ್ನು ಅಳಿಸಿಹಾಕುತ್ತದೆ. ಗಂಟೆಯ ಬ್ಯಾಟರಿ ಸತ್ತಿದ್ದರೆ, ಸಿಲಿಂಡರಿನ ಒತ್ತಡ ಇಳಿದಿದ್ದರೆ, ಮೆಟ್ಟಿಲ ಬಾಗಿಲು ತಾನಾಗಿ ಮುಚ್ಚಿಕೊಳ್ಳದಿದ್ದರೆ, ಅದನ್ನು ಕಂಡುಹಿಡಿಯಲು ಉಳಿದಿದ್ದ ಕೊನೆಯ ಅವಕಾಶವನ್ನು ನೀವು ನಿಮ್ಮ ಕೈಯಾರೆ ಮುಚ್ಚಿದಂತಾಗುತ್ತದೆ.

ಲಂಡನ್ನಿನ 24 ಅಂತಸ್ತಿನ ಗ್ರೆನ್ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು ಹೊತ್ತಿದ ಬೆಂಕಿಯಲ್ಲಿ 72 ಜನ ತೀರಿಕೊಂಡರು. ಬೆಂಕಿ ಅಷ್ಟು ವೇಗವಾಗಿ ಏರಲು ಮುಖ್ಯ ಕಾರಣ ಹೊರಗೋಡೆಗೆ ಹೊದಿಸಿದ್ದ ಸುಡುವ ಹಲಗೆಗಳು. ಆದರೆ 2019ರಲ್ಲಿ ಬಂದ ವಿಚಾರಣಾ ಆಯೋಗದ ಮೊದಲ ಹಂತದ ವರದಿ ಇನ್ನೊಂದು ಮಾತನ್ನೂ ದಾಖಲಿಸಿದೆ: ಅನೇಕ ಮನೆಗಳ ಮುಂಬಾಗಿಲುಗಳು ಹೊಗೆಯನ್ನು ತಡೆಯಲಿಲ್ಲ, ಮತ್ತು ಕೆಲವು ಬಾಗಿಲುಗಳಲ್ಲಿ ತಾನಾಗಿ ಮುಚ್ಚಿಕೊಳ್ಳುವ ಸಾಧನ ಕೆಲಸ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಬಾಗಿಲಿನ ಮೇಲಿನ ಆ ಚಿಕ್ಕ ತೋಳು ನಮ್ಮ ಮಾಸಿಕ ಪಟ್ಟಿಯ ಅತಿ ಸಣ್ಣ ಬಾಬು. ಅದರ ಮುಂದೆ ಗುರುತು ಹಾಕುವಾಗ ಒಮ್ಮೆ ಕೈಯಿಂದ ಬಾಗಿಲು ತೆರೆದು ಬಿಟ್ಟು ನೋಡುವುದಕ್ಕೆ ಹತ್ತು ಸೆಕೆಂಡು ಸಾಕು. ಬೆಂಕಿ ಅನಾಹುತಗಳಲ್ಲಿ ಎಷ್ಟೋ ಜನರ ಪ್ರಾಣ ತೆಗೆಯುವುದು ಜ್ವಾಲೆಯಲ್ಲ, ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸಬೇಕಾದದ್ದು ನಿಮ್ಮ ಆ ಗಂಟೆಯೇ.

ಇದನ್ನು ನಾನು ಗಟ್ಟಿಯಾಗಿ ಹೇಳಲು ಕಾರಣವಿದೆ. ವೃತ್ತಿಯ ಮೊದಲ ದಿನಗಳಲ್ಲಿ ಕಟ್ಟಡವೊಂದರ ಕುಡಿಯುವ ನೀರಿನ ತೊಟ್ಟಿಯನ್ನು ಶುಚಿ ಮಾಡಲಾಗಿದೆ ಎಂದು, ಮೇಲೆ ಹತ್ತಿ ನೋಡದೆ, ನಾನು ಸಹಿ ಮಾಡಿದ್ದೇನೆ. ಒಂದು ಸಲವಲ್ಲ, ಮೂರು ಸಲ. ಕೊನೆಗೆ ಬೇರೆ ಯಾವುದೋ ಕಾರಣಕ್ಕೆ ಮುಚ್ಚಳ ತೆಗೆದಾಗ ತಳದಲ್ಲಿ ಗೇಣುದ್ದ ಕೆಸರು ಕುಳಿತಿತ್ತು. ಆ ನೀರನ್ನು ಕುಡಿಯುತ್ತಿದ್ದವರಲ್ಲಿ ಎಳೆಯ ಮಕ್ಕಳೂ ಇದ್ದರು. ನನಗೆ ತಿಳಿದಮಟ್ಟಿಗೆ ಯಾರಿಗೂ ಕಾಯಿಲೆಯಾಗಲಿಲ್ಲ, ಆದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಆ ಮೂರು ಸಹಿಗಳನ್ನು ಇಂದಿಗೂ ನಾನು ನನ್ನ ಲೆಕ್ಕದಿಂದ ಕಳೆದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಇವತ್ತೇ ಪ್ರತಿಯೊಂದನ್ನೂ ಪರೀಕ್ಷಿಸಿ, ಇವತ್ತಿನ ದಿನಾಂಕದಲ್ಲಿಯೇ ಬರೆಯಿರಿ. ಕೆಟ್ಟಿದ್ದು ಕೆಟ್ಟಿದೆ ಎಂದೇ ಬರೆದು ದುರಸ್ತಿಗೆ ಕೊಡಿ. ಹಿಂದಿನ ಪುಟಗಳ ಕೆಳಗೆ ‘ಈ ತಿಂಗಳುಗಳಲ್ಲಿ ಪರೀಕ್ಷೆ ನಡೆದ ದಾಖಲೆ ಇಲ್ಲ’ ಎಂದು ಬರೆದು ಸಹಿ ಮಾಡಿ. ತಪಾಸಣೆಗೆ ಬಂದವರು ಕೇಳುವ ಮೊದಲೇ ಆ ಪುಟವನ್ನು ತೆರೆದು ತೋರಿಸಿ, ಜೊತೆಗೆ ಇನ್ನು ಮುಂದೆ ಯಾರು ಯಾವ ದಿನ ಪರೀಕ್ಷಿಸುತ್ತಾರೆ ಎಂಬ ಪಟ್ಟಿಯನ್ನೂ ಇಡಿ. ಬಿಟ್ಟುಹೋದ ಪರೀಕ್ಷೆ ಲೋಪ; ಅದಕ್ಕೆ ಎಚ್ಚರಿಕೆಯೋ ದಂಡವೋ ಆಗಬಹುದು. ಸೃಷ್ಟಿಸಿದ ದಾಖಲೆ ಅಪರಾಧವಾಗಬಲ್ಲದು, ಮತ್ತು ‘ಮೇಲಿನವರು ಹೇಳಿದರು’ ಎಂಬ ಮಾತು ಅದನ್ನು ಬರೆದವನನ್ನು ಬಿಡಿಸುವುದಿಲ್ಲ. ನಿಮ್ಮ ಸಂಸ್ಥೆ ಇದಕ್ಕೂ ಒಪ್ಪದೆ, ಕೆಟ್ಟ ಉಪಕರಣಗಳನ್ನು ಹಾಗೆಯೇ ಬಿಟ್ಟರೆ, ಮಾಲೀಕರಿಗೆ ನೇರವಾಗಿ ತಿಳಿಸಿ. ಅವರೂ ಕಿವಿಗೊಡದಿದ್ದರೆ ಅಗ್ನಿ ಸುರಕ್ಷತೆಯ ಅಧಿಕಾರಿಗಳಿಗೆ ತಿಳಿಸಿ. ಅದಕ್ಕೆ ಮೊದಲು ವಕೀಲರೊಬ್ಬರನ್ನು ಕಂಡು, ದೂರು ಕೊಟ್ಟ ನೌಕರನಿಗೆ ಇರುವ ರಕ್ಷಣೆಯನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು, ಆದರೆ ಆ ನೆಪದಲ್ಲಿ ವಾರಗಟ್ಟಲೆ ತಡಮಾಡಬೇಡಿ.

ಪ್ರಶ್ನೆ: ದುರಸ್ತಿ ಕೆಲಸ ಕೊಟ್ಟಾಗಲೆಲ್ಲ ಗುತ್ತಿಗೆದಾರರು ನನಗೆ ಒಂದು ಪಾಲು ಕೊಡುತ್ತಾರೆ. ನಾನು ಕೇಳಿದ್ದಲ್ಲ. ಎಲ್ಲರೂ ತೆಗೆದುಕೊಳ್ಳುತ್ತಾರೆ, ಬೇಡವೆಂದರೆ ಜೊತೆಯವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಮಾಲೀಕರಿಗೆ ಇದರಿಂದ ನಷ್ಟವೇನೂ ಇಲ್ಲ ಎಂಬುದು ನಿಜವೇ?

ಉತ್ತರ: ನಿಜವಲ್ಲ. ನಿಮ್ಮ ಪಾಲನ್ನು ಗುತ್ತಿಗೆದಾರ ತನ್ನ ಗಂಟಿನಿಂದ ಕೊಡುವುದಿಲ್ಲ. ಅದು ಬಿಲ್ಲಿನೊಳಗೇ ಇರುತ್ತದೆ, ಮತ್ತು ಬಿಲ್ ಕಟ್ಟುವವರು ಮಾಲೀಕರು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಗುತ್ತದೆ. ಸೋರುವ ಕೊಳವೆಯನ್ನು ಅರೆಬರೆ ಮುಚ್ಚಿ ಹೋದವನನ್ನು ಕರೆಸಿ ಗದರಿಸುವ ಧ್ವನಿ ನಿಮ್ಮಲ್ಲಿ ಉಳಿಯುವುದಿಲ್ಲ, ಮತ್ತು ಕೆಳಗಿನ ಮನೆಯ ಛಾವಣಿ ತೊಯ್ಯುತ್ತಲೇ ಇರುತ್ತದೆ.

ಇದು ಇಂದಿನ ಸಮಸ್ಯೆಯೂ ಅಲ್ಲ. ಅಮೆರಿಕದಲ್ಲಿ 1933ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಆಸ್ತಿ ನಿರ್ವಾಹಕರು ತಮ್ಮದೇ ವೃತ್ತಿಸಂಸ್ಥೆಯೊಂದನ್ನು ಕಟ್ಟಿಕೊಂಡರು. ಇನ್‌ಸ್ಟಿಟ್ಯೂಟ್ ಆಫ್ ರಿಯಲ್ ಎಸ್ಟೇಟ್ ಮ್ಯಾನೇಜ್‌ಮೆಂಟ್ ಎಂಬುದು ಅದರ ಹೆಸರು. ಅವರು ಒಪ್ಪಿಕೊಂಡ ಮೊದಲ ಕಟ್ಟುಪಾಡುಗಳಲ್ಲಿ ಕಕ್ಷಿದಾರರ ಹಣವನ್ನು ಸ್ವಂತ ಹಣದೊಂದಿಗೆ ಬೆರೆಸಕೂಡದು ಎಂಬುದೂ, ಕಕ್ಷಿದಾರರ ಆಸ್ತಿಯ ಸಂಬಂಧದಲ್ಲಿ ಬಂದ ಯಾವುದೇ ಕಮಿಷನ್ನನ್ನು ಅವರಿಗೆ ಬಹಿರಂಗಪಡಿಸಬೇಕು ಎಂಬುದೂ ಸೇರಿದ್ದವು. ನೀವೂ ಇದೊಂದು ಪರೀಕ್ಷೆಯನ್ನು ಇಟ್ಟುಕೊಳ್ಳಿ: ಈ ಮೊತ್ತವನ್ನು ಮಾಲೀಕರಿಗೆ ಕಳುಹಿಸುವ ಮಾಸಿಕ ಲೆಕ್ಕದಲ್ಲಿ ಒಂದು ಸಾಲಾಗಿ ಬರೆಯಬಲ್ಲಿರಾ? ಬರೆಯಲಾರಿರಾದರೆ ಅದು ನಿಮ್ಮದಲ್ಲ. ಮುಂದಿನ ಸಲ ಗುತ್ತಿಗೆದಾರನಿಗೆ ಹೇಳಿ: ಅಷ್ಟನ್ನು ಬಿಲ್ಲಿನಲ್ಲಿಯೇ ಇಳಿಸಿ ಕೊಡು. ದೊಡ್ಡ ಕೆಲಸಗಳಿಗೆ ಮೂರು ಕೊಟೇಶನ್ ತರಿಸಿ, ಮೂರನ್ನೂ ಮಾಲೀಕರ ಮುಂದಿಡಿ. ಮೂರೂ ಒಬ್ಬನೇ ಬರೆಸಿದವಾಗಿರದಂತೆ ನೋಡಿಕೊಳ್ಳಿ; ಆ ಚಾಳಿಯೂ ನಮ್ಮಲ್ಲಿ ಇದೆ.

ಪ್ರಶ್ನೆ: ಕೆಲವು ಬಗೆಯ ಜನರು ಮನೆ ಕೇಳಿ ಬಂದರೆ ‘ಆಗಲೇ ಕೊಟ್ಟಾಯಿತು’ ಎಂದು ಹೇಳು ಎಂದು ಮಾಲೀಕರು ಹೇಳಿದ್ದಾರೆ. ಮನೆ ಖಾಲಿಯೇ ಇದೆ. ಮನೆ ಅವರದು, ಮಾತು ಮಾತ್ರ ನನ್ನದು. ನನ್ನ ಪಾತ್ರ ಎಷ್ಟು?

ಉತ್ತರ: ಪೂರ್ತಿ ನಿಮ್ಮದು, ಏಕೆಂದರೆ ಬಾಗಿಲಲ್ಲಿ ನಿಂತವರ ಮುಖ ನೋಡಿ ಆ ಸುಳ್ಳನ್ನು ಹೇಳುವವರು ನೀವು. ಹುಟ್ಟು, ನಂಬಿಕೆ, ಮೈಬಣ್ಣ, ಅಂಗವೈಕಲ್ಯದಂಥ ಕಾರಣಕ್ಕೆ ಮನೆ ನಿರಾಕರಿಸುವುದು ಅನೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಮತ್ತು ಅಂಥ ಕಡೆ ಮಾಲೀಕರೊಂದಿಗೆ ಅವರ ಪರವಾಗಿ ಮಾತಾಡಿದವರೂ ಹೊಣೆಗಾರರಾಗುತ್ತಾರೆ. ಬಾಡಿಗೆ ಕಟ್ಟುವ ಶಕ್ತಿ, ಹಿಂದಿನ ಮನೆಯ ದಾಖಲೆ, ಮನೆಯಲ್ಲಿ ಇರಬಹುದಾದವರ ಸಂಖ್ಯೆ, ಇಂಥ ಅರ್ಹತೆಗಳನ್ನು ಬರೆದು ಕೊಡಿ, ಬಂದವರೆಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತೇನೆ ಎಂದು ಮಾಲೀಕರನ್ನು ಕೇಳಿ. ಖಾಲಿ ಇರುವ ಮನೆಯನ್ನು ಖಾಲಿ ಇಲ್ಲವೆಂದು ಮಾತ್ರ ನನ್ನ ಬಾಯಿಂದ ಬರಲಾರದು ಎಂದು ಅದೇ ಪತ್ರದಲ್ಲಿ ಸೇರಿಸಿ.

ಪ್ರಶ್ನೆ: ನಿಮ್ಮ ಅಂಕಣದಲ್ಲಿ ಒತ್ತಡಕ್ಕೆ ಒಳಗಾಗಿರುವವರ ಪತ್ರಗಳೇ ಬರುತ್ತವೆ. ನಾನು ಒತ್ತಡಕ್ಕೆ ಮಣಿದು ಒಂಬತ್ತು ವರ್ಷವಾಯಿತು. ಮೊದಲು ಒಂದು ದಿನಾಂಕ ತಿದ್ದಿದೆ. ಈಗ ಠೇವಣಿ, ಬಿಲ್, ಸುರಕ್ಷತಾ ದಾಖಲೆ ಎಲ್ಲದರಲ್ಲೂ ನನ್ನ ಸುಳ್ಳು ಸಹಿಗಳಿವೆ. ಇತ್ತೀಚೆಗೆ ಬರೆಯುವಾಗ ಕೈ ನಡುಗುವುದೂ ಇಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದೆ. ಹಿಂದಿರುಗಲು ದಾರಿ ಇದೆಯೇ?

ಉತ್ತರ: ಇದೆ, ಮತ್ತು ಆ ಹೆದರಿಕೆಯೇ ನಿಮ್ಮನ್ನು ಅದರ ಬಾಗಿಲಿಗೆ ತಂದಿದೆ.

ಕೈ ನಡುಗದಿರುವುದಕ್ಕೆ ಕಾರಣ ನಿಮ್ಮ ಸ್ವಭಾವ ಕೆಟ್ಟಿತೆಂಬುದೇ ಆಗಬೇಕಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ನೀಲ್ ಗ್ಯಾರೆಟ್, ಟಾಲಿ ಶಾರೊಟ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜಾಡಿಯೊಂದರಲ್ಲಿರುವ ನಾಣ್ಯಗಳ ಮೊತ್ತ ಎಷ್ಟಿದ್ದೀತೆಂದು, ಅದನ್ನು ಸರಿಯಾಗಿ ಕಾಣಲಾರದ ಜೊತೆಗಾರನಿಗೆ ಹೇಳುವ ಕೆಲಸವನ್ನು ಜನರಿಗೆ ಕೊಟ್ಟಿದ್ದರು. ಸುಳ್ಳು ಹೇಳಿದರೆ ತಮಗೆ ಲಾಭವಾಗುವಂತಿದ್ದಾಗ ಅವರ ಸುಳ್ಳು ಸರದಿಯಿಂದ ಸರದಿಗೆ ದೊಡ್ಡದಾಗುತ್ತ ಹೋಯಿತು, ಮತ್ತು ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಮಿದುಳಿನ ಭಾಗದ ಪ್ರತಿಕ್ರಿಯೆ ಕುಗ್ಗುತ್ತ ಹೋಯಿತು. ಆ ಪ್ರಯೋಗವನ್ನು ಓದಿದಾಗ ನನಗೆ ನಮ್ಮ ವೃತ್ತಿಯೇ ಕಣ್ಣೆದುರು ಬಂದಂತಾಯಿತು: ನಾವು ಕಾಣುತ್ತೇವೆ, ಇನ್ನೊಬ್ಬರು ಕಾಣರು, ನಮ್ಮ ಮಾತಿನ ಮೇಲೆ ಅವರು ಲೆಕ್ಕ ಹಾಕುತ್ತಾರೆ. ನೀವು ತಿದ್ದಿದ ಆ ಮೊದಲ ದಿನಾಂಕವನ್ನು ನೀವಿನ್ನೂ ನೆನಪಿಟ್ಟಿರುವುದರಲ್ಲಿ ಆಶ್ಚರ್ಯವಿಲ್ಲ. ಅದೊಂದೇ ನಿಮಗೆ ನೋವು ಕೊಟ್ಟದ್ದು.

ಹಾಗಾಗಿ ಮೊದಲ ಕೆಲಸ, ನಾಳೆಯಿಂದ ಹೊಸದನ್ನು ಸೇರಿಸದಿರುವುದು. ಹಳೆಯದೆಲ್ಲ ಇತ್ಯರ್ಥವಾಗುವವರೆಗೆ ಇದು ಕಾಯಬೇಕಾಗಿಲ್ಲ. ಅನಂತರ ಒಂದು ಪಟ್ಟಿ ಮಾಡಿ. ಜೀವಕ್ಕೆ ಸಂಬಂಧಿಸಿದ್ದು ಮೇಲಿರಲಿ: ಪರೀಕ್ಷಿಸಿದೆ ಎಂದು ನೀವು ಬರೆದ, ನಿಜವಾಗಿ ಪರೀಕ್ಷಿಸದ ಲಿಫ್ಟ್, ಗಂಟೆ, ನೀರಿನ ತೊಟ್ಟಿ, ವಿದ್ಯುತ್ ಫಲಕ. ಇವನ್ನು ಈ ವಾರವೇ ಅರ್ಹರಿಂದ ಪರೀಕ್ಷಿಸಿ ಸರಿಪಡಿಸಿ. ಇದಕ್ಕೆ ನೀವು ಯಾರ ಮುಂದೆಯೂ ತಪ್ಪೊಪ್ಪಿಗೆ ಬರೆಯಬೇಕಿಲ್ಲ, ಇದು ನಿಮ್ಮ ಕೆಲಸವೇ. ಎರಡನೆಯದು, ಯಾರ ಕೈಯಿಂದ ಎಷ್ಟು ಹಣ ತಪ್ಪಾಗಿ ಹೋಯಿತು ಎಂಬ ಲೆಕ್ಕ. ಮೂರನೆಯದು, ಇದರಲ್ಲಿ ನಿಮ್ಮ ಕೆಳಗಿನವರಿಂದ ನೀವು ಮಾಡಿಸಿದ್ದು ಎಷ್ಟು ಎಂಬುದು; ಅವರು ನಿಮ್ಮ ಮಾತು ಕೇಳಿ ಮಾಡಿದವರು, ಅವರನ್ನು ಮುಂದೆ ತಳ್ಳಬೇಡಿ.

ಸಂಸ್ಥೆಗೋ ಮಾಲೀಕರಿಗೋ ಏನನ್ನಾದರೂ ಬರಹದಲ್ಲಿ ಒಪ್ಪಿಕೊಳ್ಳುವ ಮುನ್ನ ಮಾತ್ರ ವಕೀಲರೊಬ್ಬರ ಮುಂದೆ ಈ ಪಟ್ಟಿಯನ್ನು ಇಡಿ, ಒಂದು ಸಾಲನ್ನೂ ಮುಚ್ಚಿಡಬೇಡಿ. ನಿಮ್ಮ ಮೇಲೆ ಏನು ಬರಬಹುದು, ಸ್ವತಃ ಮುಂದೆ ಬಂದು ಹೇಳಿದರೆ ಅದು ಎಷ್ಟು ಬದಲಾಗಬಹುದು ಎಂಬುದನ್ನು ಅವರು ಹೇಳಬಲ್ಲರು. ಶಿಕ್ಷೆಯೇ ಇರುವುದಿಲ್ಲ ಎಂಬ ಭರವಸೆಯನ್ನು ನಾನು ಕೊಡಲಾರೆ; ಕೊಟ್ಟರೆ ಅದು ನಿಮಗೆ ಇನ್ನೊಬ್ಬರು ಹೇಳಿದ ಇನ್ನೊಂದು ಸುಳ್ಳಾದೀತು. ವಕೀಲರನ್ನು ಕಂಡ ಮೇಲೆ ಮತ್ತೊಮ್ಮೆ ಬರೆಯಿರಿ. ಹಳೆಯ ಬಾಡಿಗೆದಾರರನ್ನು ಹುಡುಕಿ ಠೇವಣಿಯ ಹಣವನ್ನು ಮರಳಿಸುವ ಬಗೆಯನ್ನು ಆಗ ನಾವಿಬ್ಬರೂ ಕೂಡಿ ಯೋಚಿಸೋಣ.